ಮಲ್ಲಿಗೆ ತೆಗೆದಿಟ್ಟು ಮಾಡಿದ ಪರೀಕ್ಷೆ

ಕಾರ್ಕಳದಲ್ಲಿ ಡಾಕ್ಟರಮ್ಮ ಒಬ್ಬರ ಕೋಣೆಯಲ್ಲಿ ತಲೆಯ ಹೂ ತೆಗೆದಿಟ್ಟ ದಿನದಿಂದ ನಾನು ಆಸ್ಪತ್ರೆಗೆ ಮಲ್ಲಿಗೆ ಮುಡಿದು ಹೋಗುವುದಿಲ್ಲ. ನಾನು ಶಂಕರಪುರದವಳು. ಮನೆಯ ಸುತ್ತ ಮಲ್ಲಿಗೆ ಗಿಡ, ದಿನಾ ಬೆಳಿಗ್ಗೆ ಮಡಿಲ ತುಂಬ ಮೊಗ್ಗು ಹಾಕಿಕೊಂಡು ಬಾಳೆನಾರಿನಲ್ಲಿ ಕಟ್ಟುವ ಕೆಲಸ. ಅಂಥವಳು ಬರೀ ತಲೆಯಲ್ಲಿ ಬಸ್ಸು ಹತ್ತುವುದನ್ನು ಕಂಡು ನೆರೆಯವರು ಎಂತ ವಿಷಯ ಎಂದು ಕೇಳಿದ್ದುಂಟು. ಬಸ್ಸು ಬರುವಷ್ಟರಲ್ಲಿ ಹೇಳಿ ಮುಗಿಸುವ ಕಥೆಯಲ್ಲ ಅದು.

ನನ್ನ ಗಂಡ ಸೈನ್ಯದಲ್ಲಿ ಫಿರಂಗಿ ದಳದಲ್ಲಿದ್ದವರು. ನಿವೃತ್ತಿಯಾಗಿ ಬರುವಾಗಲೇ ಬಲಕಿವಿ ಮಂದವಾಗಿತ್ತು. ಆಗಿನ ವೈದ್ಯರು ಅದನ್ನು ಬರೆದುಕೊಂಡರಂತೆ. ಹೆಚ್ಚೇನೂ ಇಲ್ಲ, ಕೆಲಸದಿಂದ ಆದದ್ದೂ ಅಲ್ಲ ಎಂದು ಸೇರಿಸಿದರಂತೆ. ವರ್ಷ ಹೋದ ಹಾಗೆ ಎರಡೂ ಕಿವಿ ಹೋಗುತ್ತಾ ಬಂತು ಎಂದು ಇವರು ಹೇಳತೊಡಗಿದರು. ಕಾಪುವಿನಲ್ಲಿ ಇವರ ಜೊತೆ ಸೈನ್ಯದಲ್ಲಿದ್ದ ಸ್ನೇಹಿತರೊಬ್ಬರಿದ್ದಾರೆ. ಅಂಗವೈಕಲ್ಯದ ಪಿಂಚಣಿಗೆ ಅರ್ಜಿ ಹಾಕಿಸಿದ್ದು ಅವರೇ, ಅದು ತಿರಸ್ಕಾರವಾದಾಗ ಮೇಲ್ಮನವಿ ಹಾಕಿಸಿದ್ದೂ ಅವರೇ. ಮೇಲ್ಮನವಿ ಎಂದರೆ ಒಂದು ಅರ್ಜಿ ಕಳಿಸಿ ಕಾಯುವುದು ಎಂದುಕೊಂಡಿದ್ದೆ. ಊರೂರು ಕಿವಿ ತೋರಿಸುತ್ತಾ ತಿರುಗುವುದು ಎಂದು ಆಮೇಲೆ ಗೊತ್ತಾಯಿತು. ಕೊನೆಯ ವೈದ್ಯ ಮಂಡಳಿ ಕೂರುವುದು ದೂರದ ಸೈನ್ಯದ ಆಸ್ಪತ್ರೆಯಲ್ಲಿ. ಅದಕ್ಕೆ ಮೊದಲು ಬೇಕಾದ ತಪಾಸಣೆಗಳನ್ನು ಊರಿನ ಹತ್ತಿರ, ಅವರು ಹೇಳಿದ ಕಡೆ ಮಾಡಿಸಿ ಕೊಡಬೇಕು.

ಇವರ ಕಿವಿ ಮಂದ ಎಂದು ನನಗೆ ಗೊತ್ತಿತ್ತು, ಕಿವುಡು ಎಂದು ಗೊತ್ತಿರಲಿಲ್ಲ. ಟಿವಿಯನ್ನು ಊರಿಗೆಲ್ಲ ಕೇಳುವಷ್ಟು ಜೋರಾಗಿ ಇಡುತ್ತಿದ್ದರು, ಅಷ್ಟೆ. ನಾನು ಏನು ಹೇಳಿದರೂ ತಟ್ಟನೆ ಉತ್ತರ ಬರುತ್ತಿತ್ತು. ಜಗಳದಲ್ಲಂತೂ ನನ್ನ ಒಂದು ಮಾತೂ ಕೆಳಗೆ ಬಿದ್ದದ್ದಿಲ್ಲ. ಹೂ ಕಟ್ಟುವ ಹೊತ್ತಿಗೆ ಮಾತ್ರ ಇವರಿಗೊಂದು ಬಿಗುಮಾನ. ಹೂವಿನವರು ಬರುವ ಮೊದಲು ಕಟ್ಟಿ ಮುಗಿಸಬೇಕೆಂದು ತಲೆ ಬಗ್ಗಿಸಿ ಕೂತವಳು ಏನಾದರೂ ಕೇಳಿದರೆ ಉತ್ತರವೇ ಇಲ್ಲ. ತಮಗಿಂತ ಹೂವೇ ಹೆಚ್ಚಾಯಿತೆಂದು ಸಿಟ್ಟು ಇರಬೇಕು, ಗಂಡಸರ ಬುದ್ಧಿ ಎಂದುಕೊಂಡು ನಾನೂ ಸುಮ್ಮನಾಗುತ್ತಿದ್ದೆ.

ಉಳಿದ ಹೊತ್ತಿನಲ್ಲಿ ನಾನು ಬಾಯಿ ತೆರೆದರೆ ಸಾಕು, ಕೈಯ ಕೆಲಸ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ಸೈನ್ಯ ಬಿಟ್ಟು ಮನೆಯಲ್ಲೇ ನಿಂತ ಮೇಲೆ ಶುರುವಾದ ಅಭ್ಯಾಸ ಅದು. ಸಂಜೆ ನಮ್ಮಲ್ಲಿ ತೇರ್ಸ್, ಎಂದರೆ ಜಪಮಾಲೆಯ ಪ್ರಾರ್ಥನೆ ಉಂಟು. ಎಲ್ಲರೂ ಗೋಡೆಯ ಮೇಲಿನ ದೇವರ ಪೀಠದ ಕಡೆ ಮುಖ ಮಾಡಿ ಕೂತರೆ ಇವರೊಬ್ಬರು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ನಾನು ಅರ್ಧ ಜಪ ಹೇಳಿದರೆ ಉಳಿದ ಅರ್ಧ ಇವರದು. ಒಂದು ದಿನವೂ ತಪ್ಪಿದ್ದಿಲ್ಲ. ಅತ್ತೆ ಬದುಕಿದ್ದಾಗ, ದೇವರಿಗೆ ಬೆನ್ನು ಹಾಕಿ ಹೆಂಡತಿಯ ಮುಖ ನೋಡುತ್ತಾನಲ್ಲ ಎಂದು ಗೊಣಗುತ್ತಿದ್ದರು. ಅಪ್ಪ ಅಮ್ಮನಿಗೇ ಪ್ರಾರ್ಥನೆ ಮಾಡುವುದು ಎಂದು ಮಗಳು ನಗುತ್ತಿದ್ದಳು. ಹೂ ಒಯ್ಯಲು ಬರುವ ಹೆಂಗಸರು ಕೂಡ, ನಿಮ್ಮವರ ಕಣ್ಣು ಈಗಲೂ ನಿಮ್ಮ ಮೇಲೇ ಉಂಟು ಎಂದು ಕೆಣಕುತ್ತಿದ್ದರು. ನಾನು ಮುಖ ತಿರುಗಿಸುತ್ತಿದ್ದೆ, ಆದರೆ ಒಳಗೊಳಗೆ ಹಿಗ್ಗುತ್ತಿದ್ದೆ. ಈ ವಯಸ್ಸಿನಲ್ಲಿ ಇಷ್ಟು ನೋಡುವ ಗಂಡ ಯಾರಿಗುಂಟು ಎಂಬ ಜಂಬ ನನಗಿತ್ತು.

ಮೊದಲ ತಪಾಸಣೆ ಉಡುಪಿಯಲ್ಲಾಯಿತು. ನಮ್ಮ ಕಡೆ ಡಾಕ್ಟರ ಹತ್ತಿರ ಯಾರೂ ಒಬ್ಬರೇ ಹೋಗುವುದಿಲ್ಲ. ಮನೆಯಲ್ಲಿ ನಮ್ಮದು ಕೊಂಕಣಿ, ಪಕ್ಕದ ಮನೆಯವರೊಂದಿಗೆ ತುಳು, ಡಾಕ್ಟರ ಮುಂದೆ ಕನ್ನಡ. ಹಾಗಾಗಿ ರೋಗ ಒಬ್ಬರದಾದರೆ ಮಾತು ಇನ್ನೊಬ್ಬರದು. ಡಾಕ್ಟರು ಕೇಳಿದ್ದನ್ನು ನಾನು ಇವರ ಕಡೆ ತಿರುಗಿ ಕೊಂಕಣಿಯಲ್ಲಿ ಹೇಳುವುದು, ಇವರು ಹೇಳಿದ್ದನ್ನು ಅವರಿಗೆ ಕನ್ನಡದಲ್ಲಿ ಮುಟ್ಟಿಸುವುದು. ಆ ಡಾಕ್ಟರು ಮಾಸ್ಕ್ ಹಾಕಿದ್ದರು. ಅವರು ಏನು ಕೇಳಿದರೂ ಇವರು ನನ್ನ ಕಡೆ ನೋಡುತ್ತಿದ್ದರು. ದೊಡ್ಡವರ ಕೋಣೆಯಲ್ಲಿ ಗಂಟಲು ಏರಿಸುವುದು ಸರಿಯಲ್ಲವೆಂದು ನಾನು ಮೆಲ್ಲಗೆ ಹೇಳುತ್ತಿದ್ದೆ, ಇವರು ಕೂಡಲೇ ಉತ್ತರಿಸುತ್ತಿದ್ದರು. ಡಾಕ್ಟರು ನಮ್ಮಿಬ್ಬರನ್ನೂ ನೋಡಿ ಏನೋ ಬರೆದುಕೊಂಡರು. ಎಷ್ಟು ಚಂದ ಆಯಿತಲ್ಲ ಎಂದುಕೊಂಡು ನಾನು ಇವರಿಗೆ ಹೋಟೆಲಿನಲ್ಲಿ ಬನ್ಸ್ ತೆಗೆಸಿಕೊಟ್ಟೆ.

ಮಣಿಪಾಲದಲ್ಲಿ ಎರಡನೆಯದು. ಅಲ್ಲಿ ಗಾಜಿನ ಕಿಟಕಿಯಿದ್ದ ಒಂದು ಸಣ್ಣ ಕೋಣೆಯೊಳಗೆ ಇವರನ್ನು ಕೂರಿಸಿ, ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟರು. ಶಬ್ದ ಕೇಳಿದಾಗ ಒತ್ತಬೇಕು. ನಾನು ಹೊರಗಿನಿಂದ ನೋಡುತ್ತಿದ್ದೆ. ಇವರು ಎದೆ ಸೆಟೆಸಿ ಕೂತು, ಗಾಜಿನಾಚೆ ಮೆಷಿನ್ ತಿರುಗಿಸುವ ಹುಡುಗಿಯ ಕೈಯನ್ನೇ ನೋಡುತ್ತಾ, ಪಟಪಟನೆ ಒತ್ತಿದ್ದೇ ಒತ್ತಿದ್ದು. ಆ ಹುಡುಗಿ ಕೈ ಮುಚ್ಚಿಕೊಂಡು ಮಾಡಿದಳು. ಆಗ ಬೇರೆ ಲೆಕ್ಕ ಬಂತು. ಮತ್ತೊಮ್ಮೆ ಮಾಡಿದಳು, ಅದೂ ಬೇರೆ. ಹೊರಗೆ ಬಂದ ಮೇಲೆ, ಕೇಳದೆ ಇರುವಾಗ ಯಾಕೆ ಒತ್ತಿದ್ದು ಎಂದು ನಾನು ಗದರಿದೆ. ಬಟನ್ ಕೈಯಲ್ಲಿ ಕೊಟ್ಟ ಮೇಲೆ ಒತ್ತದೆ ಕೂತುಕೊಳ್ಳುವುದು ಹೇಗೆ ಎಂದರು. ಸೈನ್ಯದಲ್ಲಿದ್ದಷ್ಟು ಕಾಲವೂ ಪ್ರತಿ ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗಬೇಕೆಂದೇ ಕಲಿತ ಮನುಷ್ಯ. ಫೇಲಾಗಲೆಂದು ಒಂದು ಪರೀಕ್ಷೆಗೆ ಕೂರುವುದು ಇವರಿಗೆ ಗೊತ್ತೇ ಇರಲಿಲ್ಲ.

ಆಮೇಲೆ ಸೈನ್ಯದ ಕಡೆಯಿಂದ ಬಂತು ಉತ್ತರ. ಕಾಪುವಿನ ಸ್ನೇಹಿತರು ಅದನ್ನು ಓದಿ ಅರ್ಥ ಹೇಳಿದರು. ಹೆಂಡತಿಯ ಮೆಲುದನಿಯ ಮಾತು ಕೂಡ ಇವರಿಗೆ ಚೆನ್ನಾಗಿ ಕೇಳುತ್ತದೆ, ಮೆಷಿನಿನ ಫಲಿತಾಂಶ ಒಂದೊಂದು ಸಲ ಒಂದೊಂದು, ಆದ್ದರಿಂದ ಕಿವುಡುತನವನ್ನು ಇದ್ದದ್ದಕ್ಕಿಂತ ಹೆಚ್ಚು ಮಾಡಿ ತೋರಿಸುತ್ತಿದ್ದಾರೆಂಬ ಸಂಶಯ ಉಂಟು, ಇನ್ನೊಮ್ಮೆ ಪರೀಕ್ಷೆಯಾಗಲಿ. ಇವರು ನಟನೆ ಮಾಡುವುದೇ? ಇಗರ್ಜಿಯ ಕ್ರಿಸ್ಮಸ್ ನಾಟಕದಲ್ಲಿ ಕುರುಬನ ಪಾತ್ರ ಕೊಟ್ಟಾಗ ಕೋಲನ್ನು ಬಂದೂಕಿನ ಹಾಗೆ ಹೆಗಲಿಗೇರಿಸಿ ನಿಂತ ಮನುಷ್ಯ ಇವರು.

ಇವರು ಆ ದಿನ ಊಟ ಸರಿಯಾಗಿ ಮಾಡಲಿಲ್ಲ. ನಿವೃತ್ತ ಸೈನಿಕರು ಸೇರುವಲ್ಲಿಗೆ ಹೋಗುವುದನ್ನು ಬಿಟ್ಟರು. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಕೈ ಬೀಸಿ ದಾಟಿಹೋಗುತ್ತಿದ್ದರು. ಆ ಪಿಂಚಣಿ ನಮಗೆ ಬೇಡವೆಂದಲ್ಲ. ಆದರೆ ಇವರಿಗೆ ಬೇಕಾಗಿದ್ದದ್ದು ಅದಲ್ಲ. ನೀನು ಸುಳ್ಳು ಹೇಳಿಲ್ಲ ಎಂದು ಯಾರಾದರೂ ಹೇಳಬೇಕಿತ್ತು. ನಾನು ಹೇಳಬಹುದಿತ್ತು. ಆದರೆ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ, ಸ್ವಲ್ಪ ಹೆಚ್ಚೇ ಹೇಳಿದರೋ ಏನೋ ಎಂದು ಇತ್ತು. ನನ್ನ ಪ್ರತಿ ಮಾತಿಗೂ ಉತ್ತರ ಕೊಡುವ ಗಂಡನನ್ನು ಪೂರ್ತಿ ಕಿವುಡ ಎಂದು ನಂಬುವುದು ಹೇಗೆ?

ಈ ಸಲ ಕಾರ್ಕಳಕ್ಕೆ ಕಳಿಸಿದರು. ನಾನು ರೇಷ್ಮೆ ಸೀರೆ ಉಟ್ಟು, ಆ ದಿನದ ಹೂವಿನಲ್ಲಿ ಒಳ್ಳೆಯ ಒಂದು ಮಾಲೆ ತೆಗೆದಿಟ್ಟು ಮುಡಿದುಕೊಂಡು ಹೋದೆ. ನಾವು ಮರ್ಯಾದಸ್ಥರು ಎಂದಾದರೂ ಕಾಣಲಿ ಎಂಬ ಹಠ. ಡಾಕ್ಟರಮ್ಮ ವಯಸ್ಸಾದವರು, ಮಾತು ಕಡಿಮೆ. ಎಂದಿನ ಹಾಗೆ ನಾನು ಮಾತು ಮುಟ್ಟಿಸುವ ಕೆಲಸ ಶುರುಮಾಡಿದೆ. ಅವರು ಸ್ವಲ್ಪ ಹೊತ್ತು ನೋಡಿ ತಮ್ಮ ಮಾಸ್ಕ್ ಇಳಿಸಿ ಇವರನ್ನೇ ಒಂದು ಪ್ರಶ್ನೆ ಕೇಳಿದರು. ಇವರು ನೇರವಾಗಿ ಅವರಿಗೇ ಉತ್ತರ ಹೇಳಿದರು. ಮಾಸ್ಕ್ ಏರಿಸಿ ಇನ್ನೊಂದು ಕೇಳಿದರು. ಇವರು ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರಮ್ಮ ಕೈ ತೋರಿಸಿ ನಿಲ್ಲಿಸಿದರು.

"ನೀವು ಇವರ ಹಿಂದೆ ಹೋಗಿ ನಿಲ್ಲಿ ಅಮ್ಮ. ಮನೆಯಲ್ಲಿ ಮಾತಾಡುವ ಹಾಗೆ ಏನಾದರೂ ಮಾತಾಡಿ."

ಇವರ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು. ಇವರು ಮಂಡಿಯ ಮೇಲೆ ಕೈಯಿಟ್ಟು ನೆಟ್ಟಗೆ ಕೂತರು. ನಾನು ಬಾಗಿಲ ಹತ್ತಿರ ನಿಂತು, ಏನು ಹೇಳಬೇಕೆಂದು ತಿಳಿಯದೆ, ಹೋಯ್, ಬಸ್ಸಿಗೆ ಹೊತ್ತಾಯಿತು ಎಂದೆ. ಇವರು ತಿರುಗಲಿಲ್ಲ. ಸ್ವಲ್ಪ ಜೋರಾಗಿ ಅದನ್ನೇ ಹೇಳಿದೆ. ಇಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ಮದುವೆಯಾದಂದಿನಿಂದ ಇವರನ್ನು ಕೆರಳಿಸುವ ಮಾತೊಂದು ಉಂಟು: ನಿಮ್ಮ ಅಮ್ಮನ ಮೀನಿನ ಸಾರಿಗಿಂತ ನನ್ನದೇ ರುಚಿ ಎಂಬುದು. ಅದನ್ನು ಹೇಳಿದರೆ ಜ್ವರದಲ್ಲಿ ಮಲಗಿದ್ದರೂ ಎದ್ದು ಕೂತು ವಾದಕ್ಕೆ ಬರುತ್ತಾರೆ. ಅದನ್ನೂ ಹೇಳಿದೆ. ಕತ್ತಿನ ಒಂದು ನರವೂ ಅಲ್ಲಾಡಲಿಲ್ಲ.

ನನಗೆ ಹೆದರಿಕೆ ಶುರುವಾದದ್ದು ಆಗ. ತೇರ್ಸ್‌ನ ಮೊದಲ ಜಪ ಶುರುಮಾಡಿದೆ. ಅರ್ಧ ಹೇಳಿ ನಿಲ್ಲಿಸಿದೆ. ಉಳಿದರ್ಧ ಇವರು ಹೇಳಬೇಕು. ದಿನಾ ಸಂಜೆ ಹೇಳಿದ್ದು, ಒಮ್ಮೆಯೂ ತಪ್ಪದೆ ಹೇಳಿದ್ದು. ಕೋಣೆಯಲ್ಲಿ ಫ್ಯಾನಿನ ಶಬ್ದ ಬಿಟ್ಟರೆ ಏನೂ ಇಲ್ಲ. ಇವರು ಗೋಡೆಯ ಮೇಲಿನ ಕಿವಿಯ ಚಿತ್ರವನ್ನು ನೋಡುತ್ತಾ, ಪರೀಕ್ಷೆ ಯಾವಾಗ ಶುರುವಾಗುತ್ತದೆ ಎಂದು ಕಾಯುತ್ತಿದ್ದರು.

ಹತ್ತಿರ ಹೋಗಿ ಎಂದು ಡಾಕ್ಟರಮ್ಮ ಸನ್ನೆ ಮಾಡಿದರು. ನಾನು ಜಪ ಹೇಳುತ್ತಲೇ ಮುಂದೆ ಹೋದೆ. ಕುರ್ಚಿಗೆ ಇನ್ನೆರಡು ಮಾರು ಇದೆಯೆನ್ನುವಾಗ ಇವರು ತಟ್ಟನೆ ತಿರುಗಿ ನನ್ನನ್ನು ನೋಡಿ ನಕ್ಕರು. ಡಾಕ್ಟರಮ್ಮ ಪೆನ್ನು ತೆಗೆದರು. ಇಷ್ಟು ದೂರದಿಂದ ಕೇಳುತ್ತದೆ ಎಂದು ಬರೆದರೆ ಮುಗಿಯಿತು, ಹಿಂದಿನ ಡಾಕ್ಟರು ಬರೆದದ್ದೇ ಗಟ್ಟಿಯಾಗುತ್ತದೆ. ಆದರೆ ಇವರು ತಿರುಗಿದ ರೀತಿ ನನಗೆ ಗೊತ್ತಿತ್ತು. ಮನೆಯಲ್ಲಿ ನಾನು ಅಂಗಳದಿಂದ ಒಳಗೆ ಬಂದಾಗಲೆಲ್ಲ ಹೀಗೇ, ಮೂಗನ್ನು ಸ್ವಲ್ಪ ಎತ್ತಿ ತಿರುಗುತ್ತಾರೆ. ಇದು ನನ್ನ ಮಾತಿಗಲ್ಲ, ನನ್ನ ತಲೆಯ ಹೂವಿನ ವಾಸನೆಗೆ ಎಂದು ನಾನು ಡಾಕ್ಟರಮ್ಮನಿಗೆ ಹೇಳಿದೆ. ಹೇಳುವಾಗ ನನ್ನ ಸ್ವರವೇ ನನಗೆ ಬೇರೆ ಯಾರದ್ದೋ ಅನಿಸಿತು.

ಅವರು ನಂಬಿದರೋ ಬಿಟ್ಟರೋ ತಿಳಿಯಲಿಲ್ಲ. ಕೈ ಚಾಚಿದರು. ನಾನು ಪಿನ್ನು ತೆಗೆದು ಮಾಲೆಯನ್ನು ಕೊಟ್ಟೆ. ಡಾಕ್ಟರಮ್ಮ ಇವರನ್ನು ಮತ್ತೆ ಗೋಡೆಯ ಕಡೆ ತಿರುಗಿಸಿ, ತಮ್ಮ ಚಪ್ಪಲಿ ಬಿಟ್ಟು, ಹೂ ಹಿಡಿದುಕೊಂಡು, ಒಂದು ಮಾತೂ ಆಡದೆ ಮೆಲ್ಲಗೆ ಇವರ ಹಿಂದೆ ನಡೆದರು. ಅದೇ ಜಾಗದಲ್ಲಿ ಇವರು ತಿರುಗಿದರು, ನನಗೆಂದು ಇಟ್ಟುಕೊಂಡ ನಗುವಿನೊಂದಿಗೆ. ಎದುರಿಗೆ ಡಾಕ್ಟರಮ್ಮನನ್ನು ಕಂಡು ಆ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಹಾಗೇ ನಿಂತಿತು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಹೂವನ್ನು ಹೊರಗಿನ ಬೆಂಚಿನ ಮೇಲೆ ಇಡಿಸಿ, ಈಗ ನೀವು ಇವರ ಹಿಂದೆ ಹೋಗಿ ಎಂದರು. ನಾನು ಬರಿದಾದ ತಲೆಯಲ್ಲಿ ಇವರ ಬೆನ್ನ ಹಿಂದೆ, ಕೈಗೆ ಎಟುಕುವಷ್ಟು ಹತ್ತಿರ ನಿಂತೆ. ಮೊದಲು ಮಾಮೂಲು ಸ್ವರದಲ್ಲಿ ಮಾತಾಡಿದೆ. ಆಮೇಲೆ ಜಗಳದ ಸ್ವರದಲ್ಲಿ. ಹೊರಗೆ ಕೂತಿದ್ದವರೊಬ್ಬರು ಬಾಗಿಲು ಸರಿಸಿ ಇಣುಕಿದರು. ಇವರು ತಮ್ಮ ಅಂಗಿಯ ತೋಳಿನ ದಾರವೊಂದನ್ನು ಎಳೆದು ತೆಗೆಯುತ್ತಿದ್ದರು. ಇವರ ತಲೆಯ ಹಿಂಭಾಗದ ನರೆಕೂದಲನ್ನು ನೋಡುತ್ತಾ ನಾನು ಏನು ಹೇಳಿದೆ ಎಂದು ನನಗೆ ನೆನಪಿಲ್ಲ. ನೆಲ ಕುಸಿದಂತಾಯಿತು ಎಂದು ಜನ ಹೇಳುವುದನ್ನು ಕೇಳಿದ್ದೆ; ನನಗೆ ಆದದ್ದು ಹಾಗಲ್ಲ. ನೆಲ ಅಲ್ಲೇ ಇತ್ತು. ಮನೆಯಲ್ಲಿ ನಾನು ಇಷ್ಟು ವರ್ಷ ಇವರ ಬೆನ್ನಿಗೆ ಹೇಳಿದ ಮಾತುಗಳೆಲ್ಲ, ಅಡುಗೆಮನೆಯಿಂದ ಕೂಗಿ ಹೇಳಿದ್ದು, ಹೂ ಕಟ್ಟುತ್ತಾ ಹೇಳಿದ್ದು, ನನ್ನ ಅಮ್ಮ ತೀರಿಕೊಂಡ ದುಃಖದಲ್ಲಿ ಗೋಡೆಯ ಕಡೆ ಮಲಗಿ ಹೇಳಿದ್ದು, ಒಂದೂ ಇವರನ್ನು ಮುಟ್ಟಿರಲಿಲ್ಲ. ನಾನು ಹೆಗಲ ಮೇಲೆ ಕೈಯಿಟ್ಟಾಗ ಇವರು ಬೆಚ್ಚಿಬಿದ್ದರು.

ಡಾಕ್ಟರಮ್ಮ ನನ್ನನ್ನು ಕೂರಿಸಿ ನೀರು ಕೊಟ್ಟರು. ಮಾಸ್ಕ್ ತೆಗೆದು, ಇವರಿಗೂ ತಿಳಿಯುವ ಹಾಗೆ, ನಿಧಾನವಾಗಿ ಹೇಳಿದರು.

"ಇವರು ನಟನೆ ಮಾಡಿಲ್ಲ. ಇವರಿಗೆ ಕೇಳಿಸುತ್ತಿದ್ದದ್ದು ನಿಮ್ಮ ತುಟಿ. ನೀವು ಜೊತೆಗೆ ಬಂದು ಸಹಾಯ ಮಾಡಿದ್ದೇ ಇವರಿಗೆ ಮುಳುವಾದದ್ದು."

ಇವರ ಉತ್ತರಕ್ಕೆ ಕಾಯದೆಯೇ ಫಲಿತಾಂಶ ಕೊಡುವ ಪರೀಕ್ಷೆ ಒಂದು ಉಂಟು, ತಲೆಗೆ ವಯರ್ ಅಂಟಿಸಿ ಮಲಗಿಸಿ ಮಾಡುವುದು, ಅದನ್ನೂ ಮಾಡಿಸಿ ವರದಿಯೊಂದಿಗೆ ಇಡುತ್ತೇನೆ ಎಂದರು. ಅಲ್ಲಿ ಬಟನ್ ಇರುವುದಿಲ್ಲವಲ್ಲ ಎಂದು ನಾನು ಕೇಳಿದೆ. ಇಲ್ಲ ಎಂದರು. ಹಾಗಾದರೆ ಸರಿ ಎಂದೆ. ಅಷ್ಟು ಹೇಳುವಷ್ಟು ಬುದ್ಧಿ ಆ ಹೊತ್ತಿನಲ್ಲೂ ನನಗೆ ಉಳಿದಿತ್ತು.

ಹೂವನ್ನು ಬೆಂಚಿನ ಮೇಲೆಯೇ ಮರೆತು ಬಂದೆವು. ಬಸ್ಸು ಬೆಳ್ಮಣ್ ದಾಟಿತು. ಆಮೇಲೆ ಸಿಟ್ಟು ಬಂತು. ಇವರ ಕಡೆ ತಿರುಗಿ, ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ದೆನಲ್ಲ. ಅರ್ಜಿಯಲ್ಲೇ ಬರೆದಿತ್ತು. ನೀನೂ ನಂಬಲಿಲ್ಲ ಅಲ್ವಾ?"

ಅದು ನಿಜ. ಆದರೆ ನನ್ನ ಬಾಯಿ ಸುಮ್ಮನಿರುವ ಜಾತಿಯದ್ದಲ್ಲ. ಹಾಗಾದರೆ ನನ್ನ ಮುಖ ನೋಡುತ್ತಿದ್ದದ್ದು ಮಾತು ಗೊತ್ತಾಗಲೆಂದು ಮಾತ್ರವಾ ಎಂದು ಕೇಳಿದೆ. ಇವರು ಯೋಚಿಸಿದರು. ಸುಳ್ಳು ಹೇಳುತ್ತಾರೆಂದು ಬರೆಸಿಕೊಂಡ ಮನುಷ್ಯನಿಗೆ ಆ ಕ್ಷಣದಲ್ಲೂ ಒಂದು ಸಣ್ಣ ಸುಳ್ಳು ಹೇಳಲು ಬರಲಿಲ್ಲ.

"ಮೊದಲು ಅದಕ್ಕೇ. ಮತ್ತೆ ಅಭ್ಯಾಸ ಆಯಿತು ಮಾರಾಯ್ತಿ."

ನಾನು ಕಿಟಕಿಯ ಕಡೆ ತಿರುಗಿ ಕೂತೆ. ಕಣ್ಣೀರು ಬಂದದ್ದು ಇವರ ಕಿವಿಗಾಗಿಯೋ ನನ್ನ ಜಂಬಕ್ಕಾಗಿಯೋ ಇಂದಿಗೂ ಹೇಳಲಾರೆ. ಊರ ಹೆಂಗಸರ ಮುಂದೆ ಅಷ್ಟು ವರ್ಷ ಹೊತ್ತು ತಿರುಗಿದ ಹೆಮ್ಮೆಗೆ ಕಾರಣ ಒಂದು ಫಿರಂಗಿ ಎಂದು ತಿಳಿದರೆ ಯಾರಿಗಾದರೂ ಏನಾಗಬೇಕು?

ಕೊನೆಯ ಮಂಡಳಿಗೆ ಇವರು ಒಬ್ಬರೇ ಒಳಗೆ ಹೋದರು. ನಾನು ಹೊರಗೆ ಕೂತು, ಜೀವಮಾನದಲ್ಲಿ ಮೊದಲ ಸಲ ಇವರಿಗೆ ಏನೂ ಸಹಾಯ ಮಾಡದೆ ಸಹಾಯ ಮಾಡಿದೆ. ಕೆಲವು ತಿಂಗಳ ನಂತರ ಉತ್ತರ ಬಂತು. ಎರಡೂ ಕಿವಿ ಹೋದದ್ದು ನಿಜ, ಫಿರಂಗಿಯ ಹತ್ತಿರದ ಕೆಲಸದಿಂದಲೇ ಹೋದದ್ದು ಎಂದು ಒಪ್ಪಿದರು. ಇವರು ಅಂಗಿ ಬದಲಿಸಿಕೊಂಡು ಕಾಪುವಿಗೆ ಹೋಗಿ, ಸ್ನೇಹಿತರನ್ನೆಲ್ಲ ಮಾತಾಡಿಸಿ, ಮತ್ತೇರಿದವರಂತೆ ಹಾಡು ಗುನುಗುತ್ತಾ ವಾಪಸು ಬಂದರು. ರಾಗ ಒಂದೂ ಸರಿಯಿರಲಿಲ್ಲ. ಅದೂ ನನಗೆ ಈಗ ಅರ್ಥವಾಯಿತು.

ಇತ್ಯರ್ಥವಾಗುವವರೆಗೆ ಬೇಡ ಎಂದು ಇವರು ಹಠ ಹಿಡಿದಿದ್ದ, ಕಿವಿಗೆ ಹಾಕುವ ಮೆಷಿನ್ ಆಮೇಲೆ ಬಂತು. ಮೊದಲ ದಿನ ಮಿಕ್ಸಿಗೆ ಬೆದರಿದರು, ಕುಕ್ಕರಿಗೆ ಬೆದರಿದರು, ಕಾಗೆಯನ್ನು ಬೈದರು. ಮಾರನೆಯ ಬೆಳಿಗ್ಗೆ ನಾನು ತಲೆ ಬಗ್ಗಿಸಿ ಹೂ ಕಟ್ಟುತ್ತಾ, ಬಾಳೆನಾರು ಎಲ್ಲಿ ಹೋಯಿತು ಎಂದು ನನ್ನಷ್ಟಕ್ಕೆ ಗೊಣಗಿದೆ. ಬಕೆಟಿನಲ್ಲಿ ನೆನೆಹಾಕಿದ್ದು ಉಂಟು ಎಂದು ಜಗಲಿಯಿಂದ ಉತ್ತರ ಬಂತು. ನನ್ನ ಮಡಿಲ ಮೊಗ್ಗೆಲ್ಲ ನೆಲಕ್ಕೆ ಚೆಲ್ಲಿತು. ನಾನು ತಲೆಯೆತ್ತಿದೆ. ಇವರು ಆಚೆ ಮುಖ ಮಾಡಿ ಪೇಪರು ಓದುತ್ತಿದ್ದರು. ಸಂತೋಷವಾಯಿತು, ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ಇನ್ನು ಇವರು ನನ್ನ ಮುಖ ನೋಡಬೇಕಾಗಿಲ್ಲ.

ಆ ಸಂಜೆ ತೇರ್ಸ್‌ಗೆ ಕೂತಾಗ ಇವರು ಕುರ್ಚಿಯನ್ನು ದೇವರ ಪೀಠದ ಕಡೆಗೆ ತಿರುಗಿಸಿಕೊಂಡರು. ಅತ್ತೆ ಇದ್ದಿದ್ದರೆ ಕೈ ಮುಗಿಯುತ್ತಿದ್ದರು. ನಾನು ಜಪ ಶುರುಮಾಡಿದೆ, ಇವರು ಸರಿಯಾಗಿ ಉತ್ತರಿಸಿದರು. ಎರಡನೆಯದೂ ಆಯಿತು. ಇವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು, ಕಾರ್ಕಳದಲ್ಲಿ ಕಂಡ ಅದೇ ನರೆಕೂದಲು. ಮೂರನೆಯದನ್ನು ಅರ್ಧಕ್ಕೆ ತರುವ ಮೊದಲೇ ನಾನು ನಿಲ್ಲಿಸಿದೆ. ಜಪಮಾಲೆಯ ಮಣಿಯನ್ನು ಹಿಡಿದುಕೊಂಡು ಸುಮ್ಮನೆ ಕೂತೆ.

ಇವರು ಕುರ್ಚಿಯನ್ನು ಎಳೆದು ನನ್ನ ಕಡೆಗೆ ತಿರುಗಿಸಿದರು.

"ಎಂತ ಆಯಿತು? ಯಾಕೆ ನಿಲ್ಲಿಸಿದ್ದು?" ಎಂದು ಕೇಳಿದರು.